ವ್ಯವಸಾಯ

ದುಧನಿ ನಗರಪರಿಷತ್ತಿನ ಕಿಟಕಿಯಲ್ಲಿ
ಮರಾಠಿ ಫಾರ್ಮು ತುಂಬುತ್ತಿದ್ದವನು
ತಲೆ ಎತ್ತದೆ ಕೇಳಿದ: 'ವ್ಯವಸಾಯ?'
ಮೂರು ರಾತ್ರಿ ನಿದ್ದೆಗೆಟ್ಟ ನಾನು
'ಹೊಲ ಇಲ್ರೀ ನಮಗ' ಅಂದುಬಿಟ್ಟೆ.
ಕಾಶೀನಾಥ ಮಾಮ ಆ ಮೂರು ದಿನದಲ್ಲಿ
ಮೊದಲ ಸಲ ನಕ್ಕ:
'ಇಂಡಿ ಕಡೆ ಹಂಗs. ಇಲ್ಲೆ ಉದ್ಯೋಗ ಏನಂತ ಕೇಳ್ತಾರವಾ.'
ನಾವು ಹೇಳುವ ಮೊದಲೇ ಬರೆದಾಗಿತ್ತು:
ಭೌರಮ್ಮ ಸಾತಲಿಂಗಪ್ಪ,
ವಯ ಎಂಬತ್ತೊಂದು, ಘರಕಾಮ.

ತಪ್ಪೇನಲ್ಲ. ಆ ಮನೆಯೇ ಗೇಟಿನ ಮನೆ.
ಹಳಿಯಿಂದ ಹದಿನೆಂಟು ಹೆಜ್ಜೆ, ಒಂದೇ ಖೋಲಿ,
ಗಾಡಿ ಹಾದರೆ ನೆಲುವಿನ ಗಡಿಗೆ ತೂಗುತ್ತಿತ್ತು.
ನಮ್ಮವ್ವ ಅಂಬೆಗಾಲಿಡುವಾಗ ಆಯಿ
ಅವಳ ಕಾಲಿಗೆ ಹಳೆ ಸೀರೆಯ ದಡಿ ಕಟ್ಟಿ
ಇನ್ನೊಂದು ತುದಿ ಬೀಸುಕಲ್ಲಿಗೆ ಬಿಗಿದು
ನೀರಿಗೆ ಹೋಗುತ್ತಿದ್ದಳಂತೆ.
ದಡಿ ಹೊಸ್ತಿಲ ತನಕ ಬರುತ್ತಿತ್ತು, ಆಚೆಗಿಲ್ಲ.
ಅಳೆದೇ ಹರಿದದ್ದು.

ಮುತ್ಯಾನಿಗೆ ದಮ್ಮು.
ಚಳಿ ಹತ್ತಿತೆಂದರೆ ಎದೆಯೊಳಗೊಂದು ಬೆಕ್ಕು.
ನಡುರಾತ್ರಿಯ ಮದ್ರಾಸ್ ಮೇಲಿಗೆ
ಎದ್ದು ಕೂರಬಲ್ಲ, ನಿಲ್ಲಲಾರ.
ಆಗ ಆಯಿ ಅವನ ಖಾಕಿ ಕೋಟು ತೊಟ್ಟು
ಸೆರಗಿನ ಮೇಲೆ ಅವನದೇ ರುಮಾಲು ಸುತ್ತಿ
ಹಸಿರು ಗಾಜಿನ ಕಂದೀಲು ಹಿಡಿದು ಹೊರಗೆ.
ಕಚ್ಚೆ ಸೀರೆ ಕತ್ತಲಲ್ಲಿ ಧೋತರವೇ.
ಪೇಟೆಗೆ ಹೊರಟ ಚಕ್ಕಡಿಯವರಿಗೆ ಗೊತ್ತಿತ್ತು,
ಬಾಯಿ ಬಿಡಲಿಲ್ಲ.
ಹನ್ನೊಂದು ಚಳಿಗಾಲ.

ಟ್ರಾಲಿಯ ಮೇಲೆ ಸಾಹೇಬ ಬಂದ ದಿನ
ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು,
ಮೊಳಕೈ ತನಕ ಹಿಟ್ಟು, ತಲೆತುಂಬ ಸೆರಗು.
ಸಾಹೇಬ ಶೇಂಗಾ ಹಿಂಡಿ ಎರಡು ಸಲ ಹಾಕಿಸಿಕೊಂಡ.
ಆಮೇಲೆ ಕಾಗದ ಬಂತು:
ಒಂದು ಗಾಡಿಯೂ ತಪ್ಪಿಲ್ಲ, ಸಾತಲಿಂಗಪ್ಪನ ಸೇವೆ ಉತ್ತಮ.
ಅದಕ್ಕೆ ಕಟ್ಟು ಹಾಕಿಸಿ
ಗೋಡೆಗೆ ಮೊಳೆ ಹೊಡೆದವಳು ಆಯಿ.

ಕಾಲೇಜು ಹತ್ತಿದ ಸೊಕ್ಕಿನಲ್ಲಿ ನಾನೊಮ್ಮೆ ಕೇಳಿದೆ,
'ನಿನ್ನ ಹೆಸರು ಯಾಕ ಇಲ್ಲ ಅದರಾಗ?'
'ಗ್ವಾಡಿಗೆ ಕಿವಿ ಹಚ್ಚಿ ಅಂವನೇ ಹೇಳತಿದ್ದ,
ಬಂತು ಗಾಡಿ, ಏಳು ಅಂತ.
ನಾ ಒಳಗ ಬರೂ ತನಾ ಮಲಗತಿದ್ದಿಲ್ಲ.
ನಂದು ಬರೇ ಕೈ.'
ಹೇಳಿ, ಸೂಜಿಗೆ ದಾರ ಪೋಣಿಸಲು ನನ್ನ ಕೈಗೇ ಕೊಟ್ಟಳು.

ಹೊಲಿಯುತ್ತಿದ್ದುದು ಕೌದಿ.
ಬಣ್ಣಗೆಟ್ಟ ನಿಶಾನೆಗಳನ್ನು ಮುತ್ಯಾ ಬಿಸಾಡಿದರೆ
ಇವಳು ಆರಿಸಿ ತರುತ್ತಿದ್ದಳು.
ಮೊಮ್ಮಕ್ಕಳು ಏಳು ಮಂದಿ ಅದರ ಕೆಳಗೆ,
ಕೆಂಪು ತುಂಡು ಯಾರ ಮೇಲೆ ಬಂತೋ
ಅವರು ಪಿಟಕ್ಕೆನ್ನುವಂತಿಲ್ಲ.
ಹಸಿರಿನವರು ಉಚ್ಚೆಗೆ ಏಳಬಹುದು.
ಕೆಂಪಿನವಳು ಒಮ್ಮೆ ತಡೆಯಲಾರದೆ ಹೋಯಿತು.
ಆಯಿ ಬೆಳಗ್ಗೆ ಕೌದಿ ಒಗೆದಳು,
ಯಾರೆಂದು ಕೇಳಲಿಲ್ಲ.

ಮೊನ್ನೆ ಗುರುವಾರ, ಹಣೆತುಂಬ ವಿಭೂತಿ,
ವಿಮಾನದಲ್ಲಿ ನೆಟ್ಟಗೆ ಕೂರಿಸಿ ಹೊತ್ತು ಹೊರಟಾಗ
ರುದ್ರಭೂಮಿ ಹಳಿಯಾಚೆ,
ಗೇಟು ಬಿತ್ತು.
ಬಿಹಾರದ ಕಡೆಯ ಹುಡುಗ
ಕ್ಯಾಬಿನ್ನಿನಿಂದಲೇ ಕೈ ಮುಗಿದ, ಎತ್ತಲಿಲ್ಲ.
ಎತ್ತಬಾರದು.
ಭಜನೆಯವರು ತಾಳ ನಿಲ್ಲಿಸಿದರು.
'ಮುದುಕೀನ ಹಾಕಿಸ್ಯಾಳ ನೋಡು,' ಯಾರೋ ಅಂದರು.
ವಾಡಿಯ ಸಿಮೆಂಟು ಹೊತ್ತ ಗೂಡ್ಸು,
ತೆವಳುತ್ತಾ ಬಂತು.
ಹೆಗಲು ಬದಲಿಸಿದರು.
ಎಲ್ಲರಿಗಿಂತ ಎತ್ತರದಲ್ಲಿ ಕೂತವಳ ತಲೆ
ಡಬ್ಬಿ ಡಬ್ಬಿಗೂ ತುಸುವೇ ಅಲುಗುತ್ತಿತ್ತು.

ಮಾಮನ ಮೊಮ್ಮಗ ರೇವಣ, ಐದು ವರ್ಷ,
ನನ್ನ ಬೆರಳು ಹಿಡಿದು ಗಟ್ಟಿಯಾಗಿ ಎಣಿಸತೊಡಗಿದ,
ಇಪ್ಪತ್ತರ ತನಕ ಆಯಿಯ ಕನ್ನಡ,
ಅಲ್ಲಿಂದಾಚೆ ಶಾಲೆಯ ಮರಾಠಿ.
ಯಾರೂ ಸುಮ್ಮನಿರು ಅನ್ನಲಿಲ್ಲ.
ಅಠ್ಠಾವನ್ನಕ್ಕೆ ನಿಂತ.
ಇನ್ನೂ ಒಂದಿದೆಯಲ್ಲೋ ಅಂದೆ.
'ಗಾರ್ಡಿಂದು ಎಣಿಸಬಾರದು,' ಅಂದ,
'ಅದು ಮುಗೀತು ಅಂತ ಹೇಳಾಕ.'

ಗೇಟು ಎದ್ದಿತು.